ಇಂದಿರಾ ವೈನಿಯ ಮನೆಯ ಕತ್ತಲೆ

ಸಂಜೆ ಏಳಾಯಿತೆಂದರೆ ಇಂದಿರಾ ವೈನಿ ತಮ್ಮ ಪಡಸಾಲೆಯ ದೀಪ ಆರಿಸಿಬಿಡುತ್ತಿದ್ದರು. ಬಂದವರು ಕತ್ತಲಲ್ಲೇ ಚಹಾ ಕುಡಿಯಬೇಕು. "ಬರ್ರಿ, ಬಾಗಲದಾಗ ಸ್ಟೂಲ ಅದ, ಎಡವಬ್ಯಾಡ್ರಿ. ಸಾವಕಾಶ ಮಾತಾಡ್ರಿ, ಕೂಸುಗಳು ಮಲಗ್ಯಾವ," ಎನ್ನುತ್ತಿದ್ದರು. ಕೂಸುಗಳೆಂದರೆ ಬಟ್ಟೆ ಹೊದಿಸಿದ ಪಂಜರದೊಳಗಿನ ಎರಡು ಲವ್‌ಬರ್ಡ್‌ಗಳು.

ಕೊಂಢವಾ ಬಡಾವಣೆಯಲ್ಲಿ ನಮ್ಮದೂ ಅವರದೂ ಗೋಡೆಗೆ ಗೋಡೆ ಹತ್ತಿದ ಮನೆ. ಅತ್ತಿಗೆಯ ಸಮಾನವೆಂದು ಅವರನ್ನು ವೈನಿ ಎನ್ನುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಕಟ್ಟಡ ಎದ್ದ ಮೇಲೆ ಇಬ್ಬರಿಗೂ ಉಳಿದದ್ದು ಮುಂಜಾನೆಯ ಒಂದು ತುಣುಕು ಬಿಸಿಲು. ಆದರೂ ಅವರ ಹಕ್ಕಿಗಳು ಈಗ ತಾನೇ ಬಣ್ಣ ಹಚ್ಚಿದಂತೆ ಹೊಳೆಯುತ್ತಿದ್ದವು. ನನ್ನ ಗುಂಡ್ಯಾ, ಹಳದಿ ಜುಟ್ಟಿನ ಕಾಕಟೀಲ್ ಗಿಳಿ, ತನ್ನ ಎದೆಯ ಪುಕ್ಕ ತಾನೇ ಕಿತ್ತುಕೊಂಡು ಕೂಡುತ್ತಿದ್ದ. ಕಾಳು ತೊಳೆದು ಒಣಗಿಸಿ ಹಾಕುತ್ತಿದ್ದೆ, ನೀರು ಬದಲಿಸುತ್ತಲೇ ಇದ್ದೆ. ಅವರ ಕೈಯಲ್ಲಿ ಅಂಥದ್ದೇನಿದೆ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಶ್ರಾವಣದ ಒಂದು ಶುಕ್ರವಾರ ಅರಿಶಿಣ-ಕುಂಕುಮಕ್ಕೆ ಬಂದ ವೈನಿ ನಮ್ಮ ದೇವರ ಮಾಡದ ಪಕ್ಕ ತೂಗಿದ್ದ ಪಂಜರ ನೋಡಿದರು. ಮಾಡದಲ್ಲಿ ಸಣ್ಣ ಕೆಂಪು ಬಲ್ಬು ಹಗಲು ರಾತ್ರಿ ಉರಿಯುತ್ತದೆ. ಅತ್ತೆಯ ಕಾಲದಿಂದ ಅದು ಆರಿದ್ದಿಲ್ಲ. ಹಕ್ಕಿಗೂ ಬೆಳಕಾಗಲಿ ಎಂದೇ ಅಲ್ಲಿ ತೂಗಿದ್ದೆ.

"ಸುಮಿತ್ರಾಬಾಯಿ, ದೇವರಿಗೆ ನಿದ್ದಿ ಬ್ಯಾಡ ಇರಬಹುದು, ಇವಗ ಬೇಕಲ್ರಿ. ರಾತ್ರಿ ಪೂರಾ ಕತ್ತಲಿ ಬೇಕು, ಹಗಲ ಬಿಸಿಲಿನಂಥ ಬೆಳಕ ಬೇಕು."

"ಹಗಲ ಕಿಟಕ್ಯಾಗ ಇಡ್ತೇನಲ್ರಿ."

"ಗಾಜಿನ ಹಿಂದ ಇಟ್ಟರ ಬರೇ ಬೆಳಕ ಬರ್ತದ, ಬಿಸಿಲಿನ ಸತ್ವ ಬರೂದಿಲ್ಲ."

ಪಾಯಸದ ಬಟ್ಟಲು ಕೆಳಗಿಡದೆ ಇಷ್ಟನ್ನೂ ಹೇಳಿದರು. ನಮ್ಮವರು ತಲೆದೂಗಿದರು. ನನಗೆ ಚುಚ್ಚಿದ್ದು ಅದೇ.

ಅಕ್ಕ ಕಾಲು ಮುರಿದುಕೊಂಡಾಗ ನಾನು ಎರಡು ತಿಂಗಳು ಸೊಲ್ಲಾಪುರದಲ್ಲಿ ಉಳಿಯಬೇಕಾಯಿತು. ನಮ್ಮವರನ್ನು ನಂಬುವಂತಿರಲಿಲ್ಲ, ಗುಂಡ್ಯಾನನ್ನು ವೈನಿಯ ಮನೆಯಲ್ಲೇ ಬಿಟ್ಟೆ. ಹಕ್ಕಿಗಳಿಗೆಂದೇ ಬರುವ, ಬಿಸಿಲಿನ ಸತ್ವ ಕೊಡುವ ದೀಪವನ್ನು ಅವರು ಪಂಜರದ ಒಂದು ಮೂಲೆಯ ಮೇಲೆ ತೂಗಿ, ಇನ್ನೊಂದು ಮೂಲೆಗೆ ನೆರಳು ಬಿಟ್ಟರು. "ಸಾಕಾದಾಗ ಸರದು ಕೂಡಾಕ ಜಾಗ ಬೇಕ್ರಿ," ಎಂದರು.

ತಿರುಗಿ ಬಂದಾಗ ಅವನ ಎದೆ ತುಂಬ ಹೊಸ ಪುಕ್ಕ. ವೈನಿಯ ಹೆಗಲ ಮೇಲಿದ್ದ. ಬೆರಳು ಚಾಚಿದೆ. ಅವರ ಕಿವಿಯ ಹಿಂದೆ ಸರಿದು ಕೂತ.

"ಇರ್ಲಿ ಬಿಡು, ಇಲ್ಲೇ ಆರಾಮ ಅದಾನ," ಎಂದು ನಮ್ಮವರು ನಕ್ಕರು.

"ನನ್ನ ಗುಂಡ್ಯಾನ್ನ ನಂಗ ಕೊಡ್ರಿ," ಎಂದೆ. ದನಿ ಬೇಕಾದ್ದಕ್ಕಿಂತ ಗಟ್ಟಿಯಾಯಿತು.

"ಅವ ನಿಮ್ಮಂವನ ಅದಾನ್ರಿ. ನಾ ಅವಗ ಬರೇ ಹಗಲು, ರಾತ್ರಿ ಕೊಟ್ಟೇನಿ," ಎಂದರು ವೈನಿ.

ಕಳೆದ ವರ್ಷ ಅವರ ಯಜಮಾನರು ಶಿರೂರಿನಲ್ಲಿ ಅಂಗಡಿ ತೆರೆದರು. ಹೊರಡುವ ಸಂಜೆ ವೈನಿ ತಮ್ಮ ದೀಪ ನಮ್ಮ ಮನೆಗೆ ತಂದು, ಗುಂಡ್ಯಾನ ಪಂಜರದ ಮೇಲೆ ತಾವೇ ಕಟ್ಟಿದರು. "ಶಿರೂರ ಮನ್ಯಾಗ ಅಂಗಳ ಅದ, ನಮ್ಮ ಕೂಸುಗಳಿಗೆ ಬಿಸಿಲ ಸಾಕು." ಏಳಕ್ಕೆ ತಾವೇ ಆರಿಸಿ, ಬಾಗಿಲು ತಡವಿ, ಕತ್ತಲಲ್ಲೇ ಹೋದರು.

ಈಗ ನಮ್ಮ ಪಡಸಾಲೆಯಲ್ಲೂ ಏಳಕ್ಕೆ ಕತ್ತಲೆ. ಮಾಡಕ್ಕೆ ಪರದೆ ಬಂದಿದೆ. ಗುಂಡ್ಯಾ ನನ್ನ ಬೆರಳ ಮೇಲೂ ಕೂಡುತ್ತಾನೆ. ಆದರೆ ಬಟ್ಟೆ ಹೊದಿಸುವ ಮೊದಲು ವೈನಿಯ ಗೋಡೆಗೆ ಮುಖ ಮಾಡಿ ಒಂದು ಸಿಳ್ಳೆ ಹಾಕುತ್ತಾನೆ. ಅದು ನಾನು ಕಲಿಸಿದ್ದಲ್ಲ.

ನಿನ್ನೆ ಪಂಜರವನ್ನೇ ತಿರುಗಿಸಿ ಇಟ್ಟೆ. ಅವನೂ ಮತ್ತೆ ಆ ಗೋಡೆಯತ್ತ ತಿರುಗಿದ.