ಬಿಸಿಲಿನ ಚಿಂತೆ ಬೇಡ, ನಾವು ರಾಯಚೂರಿನವರು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಬೆಂಗಳೂರಿನ ಕೋಗಿಲಿನಲ್ಲಿ ಶಾಲೆಯ ಗೇಟಿನ ಹೊರಗೆ ನಾನು ಶಾಲು ಹೊದ್ದುಕೊಂಡು ನಿಂತಿದ್ದೆ. ಗಾಳಿ ತಣ್ಣಗೆ ಬೀಸುತ್ತಿತ್ತು. ಒಳಗೆ ಮೈದಾನದಲ್ಲಿ ನನ್ನ ಮಗಳು ಬಿಸಿಲು ಬಡಿದು ಬಿದ್ದಳು.

ನನ್ನ ಶಾಲು, ಅವಳಿಗೆ ಬಡಿದ ಬಿಸಿಲು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಇವತ್ತಿಗೂ ತಾಳೆಯಾಗುವುದಿಲ್ಲ. ರಾಯಚೂರಿನಲ್ಲಿ ಕೂತು ಇದನ್ನು ಓದುವ ನಿಮಗೂ ಆಗಲಿಕ್ಕಿಲ್ಲ. ಶಾಲು ಹೊದೆಯುವ ಹವೆಯಲ್ಲಿ ಬಿಸಿಲು ಬಡಿಯುವುದು ಹೇಗೆ ಎಂದು ಕೇಳುತ್ತೀರಿ. ಡಾಕ್ಟರನ್ನು ನಾನೂ ಅದನ್ನೇ ಕೇಳಿದೆ.

ನನ್ನ ಗಂಡ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಹೋದ ಬೇಸಿಗೆಯ ಕೊನೆಗೆ ಅವರಿಗೆ ಯಲಹಂಕದ ಗೋದಾಮಿಗೆ ವರ್ಗವಾಯಿತು. ಕೋಗಿಲಿನಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಮನೆ ಸಿಕ್ಕಿತು. ಕೆಳಗೆ ಮನೆಯ ಓನರ್ ಮತ್ತು ಅವರ ತಾಯಿ ಅಕ್ಕಯ್ಯಮ್ಮ. ಈಗ ಎದುರಿಗೆ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ಅವರ ದ್ರಾಕ್ಷಿ ತೋಟವಿತ್ತಂತೆ. ಈಗಲೂ ಅವರು ಬೆಳಿಗ್ಗೆ ಎದ್ದು ಆ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ, ಬಳ್ಳಿಗೆ ನೀರು ಬಿಡುವುದು ಬಾಕಿ ಇದೆಯೇನೋ ಎಂಬಂತೆ.

ಮೊದಲ ತಿಂಗಳುಗಳಲ್ಲಿ ನನ್ನನ್ನು ಕಾಡಿದ್ದು ಇಲ್ಲಿನ ಮಧ್ಯಾಹ್ನ. ನಮ್ಮಲ್ಲಿ ಬಿಸಿಲು ಎಲ್ಲರನ್ನೂ ಒಳಗೆ ಕೂಡಿಹಾಕುತ್ತದೆ. ಹನ್ನೊಂದಾದರೆ ಬಾಗಿಲು ಮುಂದಕ್ಕೆ, ಕಿಟಕಿಗೆ ಒದ್ದೆ ಚಾದರ, ಪಕ್ಕದ ಮನೆಯವರೂ ನಮ್ಮ ಪಡಸಾಲೆಯಲ್ಲೇ. ನಾಲ್ಕರವರೆಗೆ ಮಾತೇ ಮಾತು. ಇಲ್ಲಿ ಬಿಸಿಲಿಗೆ ಯಾರೂ ಒಳಗೆ ಬರುವುದಿಲ್ಲ. ಎಲ್ಲರೂ ಹೊರಗೇ ಇರುತ್ತಾರೆ, ಮನೆಗಳಿಗೆ ಬೀಗ. ಊರಿನಲ್ಲಿ ಏಪ್ರಿಲ್ ಬಂದರೆ ನಾವು ಕಟ್ಟಿಗೆಯಂತೆ ಒಣಗಿಯೂ ಒಂಟಿಯಾಗಿರಲಿಲ್ಲ. ಇಲ್ಲಿ ತಂಪಾದ ಗಾಳಿಯಲ್ಲಿ ಕೂತು ನಾನು ಗೋಡೆಯ ಜೊತೆ ಮಾತಾಡಿದ್ದೇನೆ.

ಅದಕ್ಕೇ ಇರಬೇಕು, ನಮಗೊಂದು ಜಂಬ ಬಂದಿತ್ತು. ಇಲ್ಲಿನವರು "ಏನ್ ಬಿಸ್ಲು ಕಣ್ರೀ!" ಎಂದು ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡಾಗಲೆಲ್ಲ ಗಂಡ ಹೆಂಡತಿ ಇಬ್ಬರೂ ಮುಖ ನೋಡಿಕೊಂಡು ನಗುತ್ತಿದ್ದೆವು. ಇದೂ ಒಂದು ಬಿಸಿಲೇ? ನಮಗೆ ಹೆದರಿಕೆ ಇದ್ದದ್ದು ಚಳಿಯದು. ಡಿಸೆಂಬರ್ ಬಂದಾಗ ಮೂರನೇ ಕ್ಲಾಸಿನ ಮಗಳು ಭೂಮಿಗೆ ನಾನು ಎರಡು ಬನಿಯನ್ನು, ಅದರ ಮೇಲೆ ಅಂಗಿ, ಅದರ ಮೇಲೆ ಶಾಲೆಯ ನೀಲಿ ಸ್ವೆಟರ್ ಹಾಕಿ, ಕುತ್ತಿಗೆಯವರೆಗೆ ಗುಂಡಿ ಬಿಗಿದು ಕಳಿಸುತ್ತಿದ್ದೆ.

"ಇಂಗ್ಯಾಕವ್ವಾ ಮಗೀನ ಮೂಟೆ ಕಟ್ತೀಯ?" ಎಂದು ಅಕ್ಕಯ್ಯಮ್ಮ ಮೆಟ್ಟಿಲ ಬುಡದಲ್ಲಿ ದಿನಾ ಕೇಳುತ್ತಿದ್ದರು. "ಸಂತೆಗೆ ಆಕ್ತೀಯಾ?"

"ಥಂಡಿ ಅದ ಅಜ್ಜಿ," ಎನ್ನುತ್ತಿದ್ದೆ ನಾನು.

"ತಂಡಿ ಒಂಬತ್ತಕ್ಕೆ ಓಗ್ತದೆ. ಆಮ್ಯಾಕೆ?"

ಆಮೇಲೆ ಏನು ಎಂಬುದನ್ನು ನಾನು ಯೋಚಿಸಲೇ ಇಲ್ಲ. ಸಂಕ್ರಾಂತಿಯೊಳಗೆ ಭೂಮಿಗೆ ಎರಡು ಸಲ ನೆಗಡಿಯಾಯಿತು. ನಾನು ಶಾಲೆಯ ಡೈರಿಯಲ್ಲಿ ಅವಳ ಟೀಚರಿಗೆ ಮೂರು ಸಾಲು ಬರೆದೆ: "ಮಗುವಿಗೆ ಇಲ್ಲಿನ ಥಂಡಿ ಆಗಿಬರುವುದಿಲ್ಲ. ದಯವಿಟ್ಟು ಸ್ವೆಟರ್ ತೆಗೆಸಬೇಡಿ. ಬಿಸಿಲಿನ ಚಿಂತೆ ಬೇಡ, ನಾವು ರಾಯಚೂರಿನವರು." ಕೊನೆಯ ಸಾಲು ಬರೆಯುವಾಗ ನನಗೆ ಸ್ವಲ್ಪ ನಗುವೂ ಬಂದಿತ್ತು.

ಜನವರಿ ಕೊನೆಯ ಆ ಗುರುವಾರ ಭೂಮಿ ಟಿಫಿನ್ ಡಬ್ಬಿ ಮರೆತು ಹೋಗಿದ್ದಳು. ಕೊಡಲು ಹೋದೆ. ಸ್ಪೋರ್ಟ್ಸ್ ಡೇಗೆ ಕವಾಯತಿನ ಅಭ್ಯಾಸ ನಡೆದಿತ್ತು. ಮೈದಾನದ ತುಂಬ ಬಿಳಿ ಅಂಗಿಯ ಸಾಲುಗಳು. ಎಲ್ಲ ಮಕ್ಕಳೂ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದರು. ನಡುವೆ ಒಂದೇ ಒಂದು ನೀಲಿ ಚುಕ್ಕೆ, ನೆಟ್ಟಗೆ. ನನ್ನ ಮಗಳು ಹೇಳಿದ ಮಾತು ಕೇಳುತ್ತಾಳೆ ಎಂದು ಹೆಮ್ಮೆಪಟ್ಟೆ. ನೋಡನೋಡುತ್ತ ನೀಲಿ ಚುಕ್ಕೆ ಒಂದು ಸಲ ವಾಲಿತು, ಸರಿಯಾಯಿತು, ಮತ್ತೆ ವಾಲಿತು, ಸಾಲಿನಲ್ಲಿ ಕಾಣದಾಯಿತು.

ನಾನು ಗೇಟು ಬಡಿದೆ. ವಾಚ್‌ಮನ್‌ಗೆ ಮೈದಾನ ಬೆನ್ನ ಹಿಂದಿತ್ತು. "ಬುಕ್ಕಲ್ಲಿ ಸೈನ್ ಮಾಡಿ ಮೇಡಂ," ಎಂದ. ನಾನು ಮಾಡಿದೆ! ಮಗಳು ನೆಲದ ಮೇಲಿದ್ದಾಳೆ, ನಾನು ಹೆಸರು, ಫೋನ್ ನಂಬರು ಎಲ್ಲ ತುಂಬಿದೆ. ಬಂದ ಕಾರಣ ಎಂಬಲ್ಲಿ 'ಟಿಫಿನ್ ಡಬ್ಬಿ' ಎಂದು ಬರೆದೆ. ಎಷ್ಟೋ ದಿನ ಕಣ್ಣು ಮುಚ್ಚಿದರೆ ಆ ಎರಡು ಪದ ನನ್ನದೇ ಕೈಬರಹದಲ್ಲಿ ಬರುತ್ತಿದ್ದವು.

ನಾನು ತಲುಪುವಷ್ಟರಲ್ಲಿ ಅವಳ ಕ್ಲಾಸ್ ಟೀಚರ್ ಶಾಹೀನ್ ಮಿಸ್ ಅವಳನ್ನು ನೆರಳಿಗೆ ಎಳೆದು ಗುಂಡಿ ಬಿಚ್ಚುತ್ತಿದ್ದರು. ಬನಿಯನ್ನು ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಮೈ ಸುಡುತ್ತಿತ್ತು. ಕಣ್ಣು ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಆಟೋದಲ್ಲಿ ಶಾಹೀನ್ ಮಿಸ್ ನೀರಿನ ಬಾಟಲಿ ಸುರಿದು ಸುರಿದು ಅವಳ ತಲೆ ಒದ್ದೆ ಮಾಡುತ್ತ ತಮ್ಮಷ್ಟಕ್ಕೆ, "ಯಾ ಅಲ್ಲಾ, ಬಚ್ಚೀಕು ಕುಚ್ ನೈ ಹೋನಾ," ಎನ್ನುತ್ತಿದ್ದರು. ಮಗುವಿಗೆ ಏನೂ ಆಗಬಾರದು ಎಂದು. ನಮ್ಮ ರಾಯಚೂರಿನ ಬಜಾರಿನ ಮಾತೇ ಅದು. ಅಷ್ಟು ತಿಂಗಳಲ್ಲಿ ಈ ಊರಿನಲ್ಲಿ ನಮ್ಮೂರಿನ ದನಿ ಕೇಳಿದ್ದು ಅದೇ ಮೊದಲು. ನನಗೇ ತಿಳಿಯದೆ "ಘಬ್ರಾವ್ ನಕ್ಕೋ," ಎಂದೆ, ಗಾಬರಿಯಾಗಬೇಡ ಎಂದು. ಯಾರಿಗೆ ಹೇಳಿದೆನೋ, ಅವರಿಗೋ ನನಗೋ.

ಕ್ಲಿನಿಕ್ಕಿನಲ್ಲಿ ಒದ್ದೆ ಬಟ್ಟೆ, ಫ್ಯಾನು, ಕಂಕುಳಲ್ಲಿ ಐಸು, ಕೈಗೆ ಗ್ಲುಕೋಸು. ಡಾಕ್ಟರು ಎಲ್ಲಿಯವರು ನೀವು ಎಂದರು. ಹೇಳಿದೆ. ವಯಸ್ಸಾದ ಮನುಷ್ಯ, ಥರ್ಮಾಮೀಟರ್ ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು.

"ರಾಯಚೂರಿನೋರು ಬೆಂಗಳೂರಿಗೆ ಬಂದು ಬಿಸಿಲು ಬಡಿಸ್ಕೊಂಡ್ರಾ?"

"ಗಾಳಿ ತಣ್ಣಗಿತ್ತಲ್ರೀ..."

"ಗಾಳಿ ತಣ್ಣಗಿದ್ರೆ ಸೂರ್ಯ ಸುಮ್ನಿರ್ತಾನೇನಮ್ಮ? ಸುಡ್ತಾ ಇರೋದು ಗೊತ್ತಾಗಲ್ಲ, ಅಷ್ಟೆ. ಅದ್ರ ಮೇಲೆ ಸ್ವೆಟರು. ಬೆವರು ಆರೋದು ಎಲ್ಲಿಂದ?"

ನಾನು ಬಿ.ಎಸ್ಸಿ. ಮಾಡಿದವಳು. ಬೆವರು ಆರಿದರೆ ಮೈ ತಂಪಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು.

ಮುಕ್ಕಾಲು ಗಂಟೆಯ ನಂತರ ಭೂಮಿಯ ಕಣ್ಣು ನನ್ನನ್ನು ಹುಡುಕಿ ಹಿಡಿದವು. ತುಟಿ ಅಲುಗಾಡಿತು. ಬಗ್ಗಿದೆ.

"ಅವ್ವಾ, ನಾ ಸ್ವೆಟರ್ ತೆಗ್ದಿಲ್ಲ ನೋಡು."

ಮಂಚದ ಆಚೆ ಬದಿಯಲ್ಲಿ ಶಾಹೀನ್ ಮಿಸ್ ನಿಂತಿದ್ದರು. ಅವರೂ ಕೇಳಿಸಿಕೊಂಡರು.

ಮರುದಿನ ನನ್ನ ಗಂಡ ಗೋದಾಮಿಗೆ ರಜೆ ಹಾಕಿ ಶಾಲೆಗೆ ಹೊರಟರು. "ಆ ಟೀಚರ್‌ನ ಬಿಡೂದಿಲ್ಲ ನಾ. ಸ್ವೆಟರ್ ಹಾಕ್ಕೊಂಡ ಕೂಸಿನ್ನ ಬಿಸಿಲಾಗ ನಿಲ್ಲಿಸಿದ್ದು ಕಣ್ಣಿಗಿ ಕಾಣಲಿಲ್ಲೇನು ಆಕಿಗಿ?" ಡೈರಿಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಭೂಮಿಯನ್ನು ಅಕ್ಕಯ್ಯಮ್ಮನ ಬಳಿ ಬಿಟ್ಟು ನಾನೂ ಹೊರಟೆ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಹೆಡ್ ಮೇಡಂ ಅವರ ಮುಂದೆ ನನ್ನ ಗಂಡ ಅದೇ ಪ್ರಶ್ನೆ ಕೇಳಿದರು. ಮೇಡಂ ಶಾಹೀನ್ ಮಿಸ್ ಕಡೆ ತಿರುಗಿದರು. "ಹೇಳಿ ಶಾಹೀನ್, ಯಾಕೆ ತೆಗೆಸ್ಲಿಲ್ಲ?"

ಶಾಹೀನ್ ಮಿಸ್ ಕೈಯಲ್ಲಿ ಭೂಮಿಯ ಡೈರಿ ಇತ್ತು. ಅದನ್ನು ಎದೆಗೆ ಒತ್ತಿ ಹಿಡಿದಿದ್ದರು. "ತಪ್ಪಾಯ್ತು ಮೇಡಂ," ಎಂದರು, ನನ್ನ ಕಡೆ ನೋಡದೆ. ಬೇರೆಯವರಾಗಿದ್ದರೆ ಈ ಹೊತ್ತಿಗೆ ಆ ಡೈರಿ ಮೇಜಿನ ಮೇಲಿರುತ್ತಿತ್ತು.

ನಾನು ಎದ್ದು ಅದನ್ನು ತೆಗೆದುಕೊಂಡೆ. ನಾನೇ ಬರೆದ ಮೂರು ಸಾಲನ್ನು ಗಟ್ಟಿಯಾಗಿ ಓದಿದೆ. 'ನಾವು ರಾಯಚೂರಿನವರು' ಎಂಬುದನ್ನೂ ಬಿಡಲಿಲ್ಲ. ಗಂಡ ನನ್ನನ್ನು ನೋಡಿದರು. ಆ ನೋಟದ ಬಗ್ಗೆ ಬರೆಯುವುದಿಲ್ಲ. ಆದರೆ ಅವರು ಪಕ್ಕದ ಕುರ್ಚಿ ಎಳೆದು, "ಕೂಡು," ಎಂದರು ಮೆತ್ತಗೆ.

ಹೆಡ್ ಮೇಡಂ ಕೈಚಾಚಿ ಡೈರಿ ತೆಗೆದುಕೊಂಡು ಮುಚ್ಚಿದರು. ಆಮೇಲೆ ಅಂದರು: "ಚೀಟಿ ನೀವು ಬರೆದ್ರಿ, ಸರಿ. ಆದ್ರೆ ಎರಡು ಗಂಟೆ ಹೊತ್ತು ಬಿಸಿಲಲ್ಲಿ ನಿಲ್ಸಿದ್ದು ನಾವಲ್ವಾ? ಮಕ್ಕಳು ತಂದ ಟೋಪಿನೂ ಯೂನಿಫಾರ್ಮಲ್ಲಿ ಇಲ್ಲ ಅಂತ ತೆಗೆಸಿಟ್ಟಿದ್ದೀವಿ." ಅಷ್ಟು ಹೇಳಿದ್ದಕ್ಕೆ ನನಗೆ ಅಳು ಬಂತು.

ಅಳುತ್ತಲೇ ಹೇಳಿದೆ: "ನಮ್ಮ ಕಡೆ ಬ್ಯಾಸಿಗ್ಯಾಗ ಮುಂಜಾನಿ ಸಾಲಿ ಇರ್ತದ್ರೀ. ಬಿಸಿಲು ಏರೋದ್ರಾಗ ಮಕ್ಕಳು ಮನಿಗಿ."

"ಇಡೀ ಸ್ಕೂಲನ್ನ ಬೆಳಿಗ್ಗೆಗೆ ಹಾಕೋಕಾಗಲ್ಲಮ್ಮ."

"ಕವಾಯತ್ ಒಂದನ್ನ ಹಾಕ್ಬೋದಲ್ವಾ ಮೇಡಂ?" ಎಂದವರು ಶಾಹೀನ್ ಮಿಸ್.

ಹಾಕಿದರು. ಮುಂದಿನ ವಾರದಿಂದ ಅಭ್ಯಾಸ ಎಂಟರಿಂದ ಒಂಬತ್ತು. ಬಿಸಿಲೇರಿದ ಮೇಲೆ ಆಟವೇನಿದ್ದರೂ ಹೊಂಗೆ ಮರಗಳ ಬದಿಗೆ. ಹತ್ತಕ್ಕೆ ಒಂದು ಬೆಲ್ ಹೊಡೆಯುತ್ತಾರೆ: ಸ್ವೆಟರ್ ಬಿಚ್ಚಬೇಕು, ನೀರು ಕುಡಿಯಬೇಕು, ಹೊರಗೆ ಹೋಗುವವರು ಟೋಪಿ ಹಾಕಬೇಕು. ಮಕ್ಕಳು ಅದಕ್ಕೆ 'ಟೋಪಿ ಬೆಲ್ಲು' ಎಂದು ಹೆಸರಿಟ್ಟಿದ್ದಾರೆ. ಭೂಮಿಗೆ ನಾನು ಅಗಲ ಅಂಚಿನ ಬಟ್ಟೆಯ ಟೋಪಿ ತಂದು, ಒಳಗೆ ನಮ್ಮೂರ ಪದ್ಧತಿಯಂತೆ ಒದ್ದೆ ದಸ್ತಿ, ಇಲ್ಲಿನವರು ಕರ್ಚೀಫು ಎನ್ನುವುದು, ಇಟ್ಟು ಕಳಿಸಿದೆ. ಎರಡೇ ದಿನ. ಮೂರನೇ ದಿನ, "ದಸ್ತಿ ಬ್ಯಾಡವ್ವಾ, ಕಿವಿಯೊಳಗ ನೀರು ಇಳಿತದ," ಎಂದಳು. ಬಿಟ್ಟೆ.

ಶಾಲೆಯ ಸಮಸ್ಯೆ ಪರಿಹಾರವಾಯಿತು, ನನ್ನದು ಆಗಲಿಲ್ಲ. ದಿನಾ ಹನ್ನೊಂದು ಗಂಟೆಗೆ ನನ್ನ ಕಾಲು ತಾವಾಗಿಯೇ ಗೇಟಿನ ಕಡೆ ನಡೆಯುತ್ತಿದ್ದವು. "ಬಂದ್ರಾ ಮೇಡಂ? ಇವತ್ತೇನು ಡಬ್ಬಿ?" ಎನ್ನುತ್ತಿದ್ದ ವಾಚ್‌ಮನ್. ಮೊದಲು ಚುಚ್ಚಿದಂತಾಗುತ್ತಿತ್ತು. ಆಮೇಲೆ ಅವನೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟ. ರಾತ್ರಿ ಮೂರು ನಾಲ್ಕು ಸಲ ಎದ್ದು ಅವಳ ಹಣೆ ಮುಟ್ಟುತ್ತಿದ್ದೆ. ರಾಯಚೂರಿನಿಂದ ಅಕ್ಕ ಫೋನಿನಲ್ಲಿ, "ಬಂದುಬಿಡು. ಇಲ್ಲಿ ಬಿಸಿಲು ಹೇಳಿಕೇಳಿ ಬರ್ತದ," ಎಂದಳು. ಆಕೆಯ ಮಾತು ನಿಜ. ಅಟ್ಟದಿಂದ ಬ್ಯಾಗ್ ಕೆಳಗಿಳಿಸಿ ಧೂಳನ್ನೂ ಒರೆಸಿದೆ.

ಕೆಳಗಿನಿಂದ ಅಕ್ಕಯ್ಯಮ್ಮ ದಿನಾ ಒಂದು ಚೊಂಬು ಅಂಬಲಿ ಕಳಿಸುತ್ತಿದ್ದರು. ರಾಗಿ ಹಿಟ್ಟನ್ನು ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿದ ಗಂಜಿ ಅದು. ರಾಗಿ ಕಂಡರೆ ಮೂಗು ಮುರಿಯುತ್ತಿದ್ದ ನನ್ನ ಜೋಳದ ಮಗಳು ಚೊಂಬು ಬೋರಲು ಹಾಕಿ ಕುಡಿದಳು. "ನೀನೂ ಕುಡಿಯವ್ವಾ," ಎಂದರು ಅಕ್ಕಯ್ಯಮ್ಮ ಒಂದು ದಿನ. "ಬಿಸ್ಲು ಒಡ್ದಿರಾದು ಮಗೀಗಲ್ಲ, ನಿಂಗೆ." ಬ್ಯಾಗನ್ನು ಅವತ್ತೇ ಮೇಲಿಟ್ಟೆ.

ಸ್ಪೋರ್ಟ್ಸ್ ಡೇ ಫೆಬ್ರವರಿಯ ಒಂದು ಶುಕ್ರವಾರ ನಡೆಯಿತು. ಬೆಳಿಗ್ಗೆ ಎಂಟಕ್ಕೆ ಶುರು, ಹತ್ತಕ್ಕೆ ಮುಕ್ತಾಯ. ಅವತ್ತು ಬೆಲ್ಲಿಗೆ ಕಾಯದೆ ಎಲ್ಲರಿಗೂ ಟೋಪಿ ಹಾಕಿಸಿದ್ದರು. ನೂರಾರು ಟೋಪಿಗಳ ನಡುವೆ ಯಾವುದು ಭೂಮಿ ಎಂದು ನನಗೆ ಗೊತ್ತೇ ಆಗಲಿಲ್ಲ. ಎಷ್ಟು ಹುಡುಕಿದರೂ ಕಾಣಲಿಲ್ಲ. ಶಾಹೀನ್ ಮಿಸ್ ಪಕ್ಕಕ್ಕೆ ಬಂದು, "ಎಲ್ಲಾ ಒಂದೇ ಥರ ಕಾಣ್ತಾರಲ್ವಾ?" ಎಂದು ನಕ್ಕರು. ಹೌದು. ನನ್ನ ಮಗಳು ಎಲ್ಲರಂತೆ ಕಾಣಲಿ ಎಂದು ನಾನು ಬಯಸಿದ್ದು ಬದುಕಿನಲ್ಲಿ ಅದೇ ಮೊದಲು.

ಬೇಸಿಗೆ ರಜೆಗೆ ಊರಿಗೆ ಬರುತ್ತೇವೆ. ಭೂಮಿ ಆ ಟೋಪಿ ಹಾಕಿಕೊಂಡೇ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ, ನೀವೆಲ್ಲ ನಗುತ್ತೀರಿ ಎಂದು ಗೊತ್ತು. ನಮ್ಮೂರ ಬಿಸಿಲಿನ ಮೇಲೆ ನನಗೆ ಇಂದಿಗೂ ನಂಬಿಕೆ. ಇಲ್ಲಿನ ಗಾಳಿಯನ್ನು ಪೂರ್ತಿ ನಂಬಲಾರೆ, ಆದರೆ ಅದಿಲ್ಲದೆ ಈಗ ನಿದ್ದೆ ಬರುತ್ತದೋ ಇಲ್ಲವೋ ತಿಳಿಯದು.

ಆ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಕಿಟಕಿ ತೆರೆದಿಟ್ಟು ಮಲಗಿದೆ. ಆಮೇಲೆ ಗೊತ್ತಾದದ್ದು ಅಕ್ಕಯ್ಯಮ್ಮನ ಕೂಗು: "ಏನವ್ವಾ, ಇವತ್ತು ಬೆಳಗಾಗ್ಲಿಲ್ವಾ ನಿಂಗೆ?" ಎಂಟು ಗಂಟೆಯಾಗಿತ್ತು. ಒಮ್ಮೆಯೂ ಎದ್ದಿರಲಿಲ್ಲ, ಯಾರ ಹಣೆಯನ್ನೂ ಮುಟ್ಟಿರಲಿಲ್ಲ. ಶನಿವಾರದ ಅರ್ಧ ದಿನದ ಶಾಲೆಗೆ ಅಪ್ಪ ಮಗಳು ನನ್ನನ್ನು ಎಬ್ಬಿಸದೆ ಹೊರಟುಹೋಗಿದ್ದರು. ಬಾಗಿಲ ಹಿಂದಿನ ಮೊಳೆ ನೋಡಿದೆ. ಸ್ವೆಟರ್ ಇರಲಿಲ್ಲ. ಟೋಪಿಯೂ ಇರಲಿಲ್ಲ. ಎರಡನ್ನೂ ತಾನೇ ನೆನಪಿಟ್ಟು ತೆಗೆದುಕೊಂಡು ಹೋಗಿದ್ದಳು.