ಕದರಯ್ಯ ಕೊಟ್ಟ ಕಪ್ಪು, ಬೇಡ ಅಂದ ಟಿಕೆಟ್ಟು

ಗುಬ್ಬಿ ಪಕ್ಕದ ನಮ್ಮೂರಲ್ಲಿ ಬಾಲ್ ಬ್ಯಾಡ್ಮಿಂಟನ್ ಪಂದ್ಯ ಅಂದರೆ ಕೋರ್ಟಿನ ಪಕ್ಕ ನಮ್ಮ ಕದರಯ್ಯ ಇರಲೇಬೇಕು. ಆಡುವವನಲ್ಲ, ಅವನು ಬ್ಯಾಟು ಹಿಡಿದಿದ್ದನ್ನು ನಾನಂತೂ ನೋಡಿಲ್ಲ. ಬೆಳಗ್ಗೆ ತೋಟದಲ್ಲಿ ತೆಂಗಿನಕಾಯಿ ಸುಲಿದು, ತುಮಕೂರಿನ ಪಂದ್ಯಕ್ಕೆ ಸೈಕಲ್ಲು, ಕುಣಿಗಲ್ಲಿನ ಪಂದ್ಯಕ್ಕೆ ಬಸ್ಸು. ಪಕ್ಕದ ಮನೆಯವನಾದ ನಾನು ಎಪ್ಪತ್ತರ ದಶಕವನ್ನು ಅವನ ಸೈಕಲ್ ಕ್ಯಾರಿಯರ್ ಮೇಲೇ ಕಳೆದೆ ಅನ್ನಬೇಕು.

ಅವನಿಗೆ ಮೈ ಉರಿಯುತ್ತಿದ್ದದ್ದು ಎರಡಕ್ಕೆ. ಒಂದು, ಬೆಸ್ಟ್ ಪ್ಲೇಯರ್ ಕಪ್ಪು. ಪಂದ್ಯ ಶುರುವಾದಾಗಿನಿಂದ ಹಿಂದೆ ನಿಂತು, ಬಗ್ಗಿ ಬಗ್ಗಿ ಬಾಲ್ ಎತ್ತಿದವನಿಗೆ ಏನೂ ಇಲ್ಲ. ಫೈನಲ್ಲಿನಲ್ಲಿ ಮುಂದೆ ನಿಂತು ನಾಲ್ಕು ಏಟು ಹೊಡೆದವನಿಗೆ ಕಪ್ಪು. ಹೆಸರು ಹೇಳುವವನು ಕಪ್ಪಿಗೆ ದುಡ್ಡು ಕೊಟ್ಟ ಮಂಡಿ ಸಾಹುಕಾರ. ಅವನು ಬರುವುದೇ ಬಹುಮಾನದ ಹೊತ್ತಿಗೆ. ಇನ್ನೊಂದು, ಎಲೆಕ್ಷನ್ ಟಿಕೆಟ್ಟು. ನಮ್ಮೂರಲ್ಲಿ ಯಾರು ನಿಲ್ಲಬೇಕು ಅಂತ ನಮ್ಮನ್ನು ಕೇಳದೆ ತುಮಕೂರಿನ ಪ್ರವಾಸಿ ಮಂದಿರದಲ್ಲಿ ತೀರ್ಮಾನ.

"ಆಟ ನೋಡ್ದೇ ಇರೋನು ಕಪ್ ಕೊಡ್ತಾನೆ, ಊರು ನೋಡ್ದೇ ಇರೋನು ಟಿಕೆಟ್ ಕೊಡ್ತಾನೆ. ಎರಡೂ ಒಂದೇ ಕಣೋ" ಅನ್ನುತ್ತಿದ್ದ.

ಸರಿಯಾದ ಮಾತು. ಅಂಥವರನ್ನು ವೇದಿಕೆಯಿಂದ ರಟ್ಟೆ ಹಿಡಿದು ಇಳಿಸಬೇಕು ಅಂತ ನಾನು ಈಗಲೂ ಹೇಳುತ್ತೇನೆ.

ಎಂಬತ್ತಾರರ ಕಾರ್ತೀಕದಲ್ಲಿ ಸಾಹುಕಾರ ಕಪ್ಪು ಕೊಡಲ್ಲ ಅಂದ. ಪಂದ್ಯದ ಕಮಿಟಿಯೇ ಕಪ್ಪು ತಂದಿತು. ಕಮಿಟಿಯ ದೊಡ್ಡವನು ಹೋಟೆಲ್ ಸದಾಶಿವಯ್ಯ. ಅವನು ಬಂದು ಕದರಯ್ಯನಿಗೆ, "ವರ್ಷಾ ವರ್ಷಾ ಕೂತ್ಕಂಡು ಬೈತೀಯಲ್ಲಪ್ಪ, ಈ ಸಲ ಹೆಸ್ರು ನೀನೇ ಹೇಳು" ಅಂದ.

ಮುಂದಿನ ಜನವರಿಗೆ ಮಂಡಲ ಪಂಚಾಯ್ತಿ ಎಲೆಕ್ಷನ್. ಪಾರ್ಟಿಯವರು ಬಹುಮಾನದ ದಿನ ವೇದಿಕೆ ಮೇಲೆ ಕೂರುತ್ತಾರಂತೆ, ಕಪ್ಪು ಗೆದ್ದ ಹುಡುಗ ನಮ್ಮೂರವನಾದರೆ ಅವನಿಗೇ ಟಿಕೆಟ್ಟಂತೆ ಅಂತ ಸುದ್ದಿ. ಟಿಕೆಟ್ಟಿಗೆ ಓಡಾಡುತ್ತಿದ್ದವನು ಲಕ್ಷ್ಮೀನರಸಿಂಹಯ್ಯ. ನಮ್ಮೂರ ಟೀಮಿನಲ್ಲಿ ಮುಂದೆ ನಿಂತು ಹೊಡೆಯುವವನು, ಕದರಯ್ಯನ ಹೆಂಡತಿ ಹನುಮಕ್ಕನ ಸ್ವಂತ ತಮ್ಮ.

ಹನುಮಕ್ಕ ಗಂಡನಿಗೆ ನನ್ನ ಮುಂದೆಯೇ ಹೇಳಿದಳು: "ನನ್ ತವ್ರಿಗೆ ನೀನು ಇವತ್ತಿನವರ್ಗೂ ಏನೂ ಮಾಡಿಲ್ಲ. ಇದೊಂದು ಹೆಸ್ರು ಹೇಳು. ಅವ್ನಿಗೆ ಟಿಕೆಟ್ ತಪ್ಪಿದ್ರೆ ಈ ಮನೆ ಬಾಗ್ಲಿಗೆ ಬರಲ್ಲ ಅಂದವ್ನೆ."

"ಆಡ್ಲಿ, ನೋಡಾಣ."

ತೊಂದರೆಯಾಗಿದ್ದು ಅವನು ನಿಜವಾಗಿ ಆಡಿಬಿಟ್ಟಿದ್ದರಿಂದ. ಹಿಂದಿನ ಸಾಲಿನ ಸಿದ್ದಗಂಗಯ್ಯನಿಗೆ ಕಾಲು ಉಳುಕಿತು. ಲಕ್ಷ್ಮೀನರಸಿಂಹಯ್ಯ ಮುಂದೆಯೂ ಹೊಡೆದ, ಹಿಂದಕ್ಕೂ ಓಡಿ ಬಾಲ್ ಎತ್ತಿದ. ಫೈನಲ್ಲಿಗೆ ಮುಂಚೆಯೇ ಕದರಯ್ಯನ ಮುಖ ಬಾಡಿತ್ತು.

"ಕಪ್ ಇವಂದೇ ಕಣೋ. ಬೇರೆಯೋರ್ಗೆ ಕೊಟ್ರೆ ಕಳ್ಳತನ."

"ಕೊಡು ಮತ್ತೆ. ಮನೇಲೂ ನೆಮ್ಮದಿ."

"ಅದರ ಹಿಂದೆ ಟಿಕೆಟ್ಟೂ ಹೋಗುತ್ತಲ್ಲೋ. ಕೆರೆ ತೂಬಿನ ಜಗಳಕ್ಕೆ ಬಾರೋ ಅಂದ್ರೆ ಪ್ರಾಕ್ಟೀಸ್ ಅಂತಾನೆ. ಸ್ಕೂಲ್ ಸೋರ್ತೈತೆ ಅಂದ್ರೂ ಪ್ರಾಕ್ಟೀಸ್. ಇವ್ನು ಪಂಚಾಯ್ತೀಲಿ ಏನ್ ಮಾಡ್ತಾನೆ?"

"ಬಾಯಿ ಮುಚ್ಕಂಡು ಕಪ್ ಕೊಟ್ಟು ಇಳಿ" ಅಂದೆ. ಕೇಳಲಿಲ್ಲ ಬಡ್ಡೀಮಗ.

ಬಹುಮಾನದ ಹೊತ್ತಿಗೆ ವೇದಿಕೆ ಹತ್ತಿ ಮೈಕು ಹಿಡಿದು, "ಬೆಸ್ಟ್ ಪ್ಲೇಯರ್ ಲಕ್ಷ್ಮೀನರಸಿಂಹಯ್ಯ. ನನ್ ಭಾವಮೈದ ಅಂತ ಅಲ್ಲ, ಆಡವ್ನೆ" ಅಂದ. ಜನ ಚಪ್ಪಾಳೆ ತಟ್ಟಿದರು. ಇವನು ಮೈಕು ಬಿಡಲಿಲ್ಲ. ಪಾರ್ಟಿಯವರ ಕಡೆ ತಿರುಗಿ, "ಇದು ಆಟದ ಕಪ್ಪು ಸ್ವಾಮಿ. ಇದನ್ನ ನೋಡಿ ಟಿಕೆಟ್ ಕೊಡಬೇಡಿ. ಊರ ಕೆಲ್ಸದಲ್ಲಿ ಇವ್ನು ಇನ್ನೂ ಒಂದು ಬಾಲೂ ಎತ್ತಿಲ್ಲ" ಅಂದ.

ಜನ ಬಿದ್ದು ಬಿದ್ದು ನಕ್ಕರು. ಸದಾಶಿವಯ್ಯ ಮೈಕು ಕಿತ್ತುಕೊಂಡ. ಲಕ್ಷ್ಮೀನರಸಿಂಹಯ್ಯ ಹಾರಕ್ಕೂ ನಿಲ್ಲದೆ ಕಪ್ಪು ಕಂಕುಳಲ್ಲಿ ಇರುಕಿಕೊಂಡು ವೇದಿಕೆಯ ಹಿಂದಿನಿಂದಲೇ ಹೋದ.

ಪಾರ್ಟಿ ಟಿಕೆಟ್ಟು ಒಬ್ಬ ಸಾರಾಯಿ ಕಂಟ್ರಾಕ್ಟರನ ಅಳಿಯನಿಗೆ ಹೋಯಿತು. ಅವನ ಸಂಸಾರ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ನಮ್ಮೂರಲ್ಲಿ ಇದ್ದದ್ದು ಓಟರ್ ಲಿಸ್ಟಿನ ಹೆಸರು ಮಾತ್ರ. ಲಕ್ಷ್ಮೀನರಸಿಂಹಯ್ಯ ರೋಷಕ್ಕೆ ಪಕ್ಷೇತರನಾಗಿ ನಿಂತ. ಹನುಮಕ್ಕ ಮನೆ ಮನೆಗೆ ಹೋಗಿ ಓಟು ಕೇಳಿದಳು. ಗಂಡನಿಗೆ ತಟ್ಟೆ ಕುಕ್ಕುವುದು ಬಿಟ್ಟರೆ ಬೇರೆ ಮಾತಿಲ್ಲ. ಅಳಿಯ ಗೆದ್ದ, ತಮ್ಮ ಸೋತ.

ಎಣಿಕೆ ಮುಗಿದ ಸಂಜೆ ಅಕ್ಕನೇ ಹೋಗಿ ತಮ್ಮನನ್ನು ಕರೆದುಕೊಂಡು ಬಂದಳು. ಅವನು ಹೊಸ್ತಿಲು ದಾಟಲಿಲ್ಲ. ಜಗಲಿಯಲ್ಲಿ ನಾನೂ ಕದರಯ್ಯನೂ ಇದ್ದೆವು. ಅಲ್ಲೇ ಒಂದು ತುದಿಗೆ ಕೂತ.

"ಭಾವ, ಕಪ್ ಕೊಟ್ಟು ಸುಮ್ನಿರಬೋದಿತ್ತು."

"ಇರಬೋದಿತ್ತು."

"ಓಟು ಯಾರಿಗೆ ಹಾಕಿದ್ರಿ ಅಂತ ಕೇಳಲ್ಲ, ಬುಡಿ."

"ನಿಂಗೇ ಹಾಕ್ದೆ."

ಲಕ್ಷ್ಮೀನರಸಿಂಹಯ್ಯ ತಿರುಗಿ ನೋಡಿದ. "ಮೈಕಲ್ಲಿ ಬೇಡ ಅಂದ್ಬುಟ್ಟು?"

"ಟಿಕೆಟ್ ಕೊಡಬೇಡಿ ಅಂದೆ ಕಣಪ್ಪ. ಓಟ್ ಹಾಕಬೇಡಿ ಅಂದ್ನಾ? ನಿನಗಿಂತ ವಾಸಿಯಾದೋನ್ನ ಹುಡುಕ್ತಾರೆ ಅಂದ್ಕಂಡಿದ್ದೆ. ಶೆಟ್ಟಿಹಳ್ಳಿಯಿಂದ ಹಿಡ್ಕಂಬಂದ್ರು. ಅವನ ಮುಂದೆ ನೀನೇ ವಾಸಿ."

ಒಳಗಿನಿಂದ ಹನುಮಕ್ಕನ ದನಿ: "ಈ ಮಾತು ಮುಂಚೇನೇ ಅಂದಿದ್ರೆ ಇಷ್ಟು ದಿನ ತಂಗಳು ಮುದ್ದೆ ತಿನ್ನೋದು ತಪ್ತಿತ್ತು."

"ತಂಗಳಾ ಅದು? ನಿನ್ ಕೈರುಚೀನೇ ಹಂಗೆ ಅಂದ್ಕಂಡೆ" ಅಂದ ಕದರಯ್ಯ.

ಲಕ್ಷ್ಮೀನರಸಿಂಹಯ್ಯನಿಗೆ ನಗು ತಡೆಯಲಾಗಲಿಲ್ಲ. ಕಾಲು ತೊಳೆಯಲು ಎದ್ದ. ಒಳಗೆ ಹನುಮಕ್ಕ ಎರಡು ತಟ್ಟೆ ಇಟ್ಟ ಸದ್ದಾಯಿತು, ನಾನು ನನ್ನ ಮನೆಗೆ ಹೋದೆ.