ಹಗೇವಿಗೆ ಇಳಿಬಿಟ್ಟ ಮೊಬೈಲ್

ಹೋದ ವಾರ ನನ್ನ ಮೊಬೈಲನ್ನು ಹಗ್ಗಕ್ಕೆ ಕಟ್ಟಿ ನೆಲದೊಳಗೆ ಇಳಿಬಿಟ್ಟೆ. ಟಾರ್ಚ್ ಆನ್ ಮಾಡಿ. ಅದು ಆರಾಮಾಗಿ, ಬೆಳಗುತ್ತಲೇ ಮೇಲೆ ಬಂತು.

ತೊಂದರೆ ಶುರುವಾಗಿದ್ದೇ ಅಲ್ಲಿಂದ.

ನೆಲದೊಳಗೆ ಅಂದರೆ ಹಗೇವಿಗೆ. ನೋಡದವರಿಗೆ ಹೇಳುತ್ತೇನೆ: ಜೋಳ ಕೂಡಿಡಲು ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಮಾತ್ರ ಗುಡಾಣದಂತೆ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಈಗ ಬಹಳ ಜನ ಹಗೇವನ್ನೇ ಮುಚ್ಚಿಬಿಟ್ಟಿದ್ದಾರೆ. ಹಲಬರ್ಗಾದ ನಮ್ಮ ಸೋದರತ್ತೆ ಮಹಾನಂದಾ ಮಾತ್ರ ಬಿಟ್ಟಿಲ್ಲ. ನೌಬಾದದ ನಮ್ಮ ಮನೆಯ ರೊಟ್ಟಿಗೆ ಜೋಳ ಬರುವುದು ಅಲ್ಲಿಂದಲೇ.

ಈ ಸಲ ತರಲು ನಾನು ಹೊರಟೆ. ಜೊತೆಗೆ ಗೆಳೆಯ ಕಾಶಿನಾಥ. ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡುತ್ತಾನೆ. ಕ್ವಿಂಟಾಲ್ ಚೀಲವನ್ನು ತಲೆದಿಂಬಿನಂತೆ ಎತ್ತುವ ಆಸಾಮಿ. ಹಗೇವಿಗೆ ಇಳಿದು ಜೋಳ ತುಂಬಿಕೊಡಲು ಅವನಿಗಿಂತ ಬೇರೆಯವರು ಬೇಕೇ?

ಇನ್ನು ನನ್ನ ವಿಷಯ ಹೇಳಿಬಿಡುತ್ತೇನೆ. ಓದಿದ್ದು ಕಾಮರ್ಸ್, ಹುಚ್ಚು ಸೈನ್ಸಿನದು. ಎಲ್ಲ ವಿಡಿಯೊ ನೋಡಿ ಕಲಿತದ್ದು. ಆ ವಾರ ಗ್ಯಾಸಿನ ಪಾಠ ನಡೆದಿತ್ತು. ಭಾಲ್ಕಿ ರಸ್ತೆಯುದ್ದಕ್ಕೂ ಟೆಂಪೊದಲ್ಲಿ ಕಾಶಿನಾಥನಿಗೆ ಲೆಕ್ಚರ್ ಕೊಟ್ಟೆ.

“ನೋಡ್ ಕಾಶ್ಯಾ, ಗಂಜಿನಾಗ ಒಂದರ ಮ್ಯಾಲೊಂದು ಥಪ್ಪಿ ಹಚ್ಚಿದ ಚೀಲ ಇರ್ತಾವಲ್ಲ, ಅದು ಘನ. ಚೀಲ ಹರದು ಜೋಳ ಹರೀತಲ್ಲ, ಅದು ದ್ರವ. ಮ್ಯಾಲ ಧೂಳ ಏಳ್ತದಲ್ಲ, ಅದು ಗ್ಯಾಸ್. ಎಲ್ಲಿ ಜಾಗ ಸಿಗ್ತದ ಅಲ್ಲಿ ಹೋಗ್ತದ.”

“ಧೂಳ ಎಲ್ಲೂ ಹೋಗಲ್ಲಪಾ, ನನ್ನ ಮೂಗಿನಾಗೇ ಬರ್ತದ” ಅಂದ. (ಶಿಷ್ಯ ಜಾಣ. ಗುರುವಿಗೆ ತಿಳಿಯಲಿಲ್ಲ.)

ನಾವು ಹಲಬರ್ಗಾ ಮುಟ್ಟಿದಾಗ ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು: “ಕಲ್ಲ ತಗದು ಮೊದಲ ದೀಪ ಬಿಟ್ಟು ನೋಡ್ರೋ. ನಾ ಬರೂತನ ಇಳೀಬ್ಯಾಡ್ರಿ.”

ಕಲ್ಲು ಸರಿಸಿದೆವು. ಮಳೆಗಾಲಕ್ಕೆ ಮುಚ್ಚಿದ್ದ ಹಗೇವು, ಅರ್ಧ ಖಾಲಿಯಿತ್ತು. ಒಳಗಿಂದ ಬೆಚ್ಚನೆಯ ಹುಳಿವಾಸನೆ ಬಂತು.

“ಕೆಟ್ಟ ಗಾಳಿ ಇದ್ದಂಗದ” ಅಂದ ಕಾಶಿನಾಥ.

“ಮೂಲಿಯಾಗ ಊದಿನಕಡ್ಡಿ ಹಚ್ಚಿದ್ರ ಮನಿ ತುಂಬ ವಾಸನಿ ಬರಲ್ಲೇನು? ಹಂಗೇ. ಬಾಯಿ ತಗದೀವಿ, ಗ್ಯಾಸ್ ತಾನೇ ಹೊರಗ ಬರ್ತದ. ಹತ್ತ ಮಿನಿಟ ಸಾಕು.”

ಇನ್ನು ದೀಪ. ಎಲ್ ಇ ಡಿ ಕಾಲದಲ್ಲಿ ಬತ್ತಿ ಯಾರು ಹೊಸೆಯುತ್ತಾರೆ? ಮೊಬೈಲನ್ನು ಕ್ಯಾರಿಬ್ಯಾಗಿಗೆ ಹಾಕಿ ಹಗ್ಗ ಕಟ್ಟಿ ಇಳಿಸಿದೆ. ತಳದ ಜೋಳ ಮುತ್ತಿನಂತೆ ಹೊಳೆಯಿತು. ಮೇಲೆಳೆದೆ. ಬೆಳಕು ಹಾಗೇ ಇತ್ತು. “ಪಾಸ್!” ಅಂದೆ. ಕಾಶಿನಾಥ ಬಾಯಿಯ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಬಿಟ್ಟ.

ಅಷ್ಟರಲ್ಲಿ ಅತ್ತೆ ಹೊರಗೆ ಬಂದಳು. “ದೀಪ ಬಿಟ್ರೇನು?”

“ಬಿಟ್ವಿ ಅತ್ತಿ. ನೋಡು, ಇನ್ನೂ ಉರಿಲತ್ತದ” ಎಂದು ಮೊಬೈಲ್ ತೋರಿಸಿದೆ.

ಅತ್ತೆ ನೇರ ಹೋಗಿ ಕಾಶಿನಾಥನ ಕೊರಳಪಟ್ಟಿ ಹಿಡಿದಳು. “ಕಾಲ ತಗಿ. ಈ ಕಡಿ ಬಾ.” ಆರಡಿ ಹಮಾಲ ಕೂಸಿನಂತೆ ಈಚೆ ಬಂದ. ಅಂಗಿಯ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು.

ಜಗಲಿಯ ಮೇಲಿದ್ದ ಹಣತೆ ತಂದಳು. ಬಕೆಟ್ಟಿನಲ್ಲಿಟ್ಟು ಮೆಲ್ಲಗೆ ಇಳಿಸಿದಳು. ಒಂದು ಮೊಳ ಹೋಯಿತು. ದೀಪ ಸಣ್ಣಗಾಯಿತು. ಇನ್ನೊಂದು ಗೇಣು. ಫಕ್ಕನೆ ಆರಿತು.

ಗಾಳಿ ಬೀಸಿರಬೇಕು ಅಂದೆ. (ಸೋಲು ಒಪ್ಪುವುದು ಸುಲಭವೇ?) ಅತ್ತೆ ಮತ್ತೆ ಹಚ್ಚಿ ಇಳಿಸಿದಳು. ಅದೇ ಜಾಗಕ್ಕೆ ಆರಿತು. ಮೂರನೆಯ ಸಲವೂ ಅಲ್ಲೇ. ಕಣ್ಣಿಗೆ ಕಾಣದ ನೀರು ಅಷ್ಟು ಮಟ್ಟಕ್ಕೆ ತುಂಬಿ ನಿಂತಂತೆ! ಕಾಶಿನಾಥ ಇಳಿದಿದ್ದರೆ ಅವನ ಮೂಗು ಅದರೊಳಗೇ ಮುಳುಗಿರುತ್ತಿತ್ತು.

“ನಿನ್ನ ಮೊಬೈಲ್ ಉಸಿರಾಡ್ತದೇನೋ ಸಂತ್ಯಾ?” ಅತ್ತೆ ಕೇಳಿದಳು. “ದೀಪ ಉಸಿರಾಡ್ತದ. ಅದಕ್ಕ ಗಾಳಿ ಸಿಗಲಿಲ್ಲಂದ್ರ ನಮಗೂ ಸಿಗಲ್ಲ.”

ಕಾಶಿನಾಥ ಅಲ್ಲೇ ನೆಲಕ್ಕೆ ಕೂತ. ಅಂಗಿಯ ಹಿಟ್ಟು ಕೊಡವುತ್ತ ಅಂದ: “ಕೆಳಗ ಕಳಿಸ್ತೀನಂದು ನನ್ನ ಸೀದಾ ಮ್ಯಾಲ ಕಳಿಸ್ತಿದ್ದಿ, ದೋಸ್ತ.” ನಕ್ಕ. ನನಗೆ ನಗು ಬರಲಿಲ್ಲ. ಅವನ ಇಬ್ಬರು ಹೆಣ್ಣುಮಕ್ಕಳು ನನ್ನನ್ನು ಕಾಕಾ ಅನ್ನುತ್ತಾರೆ.

ನಾನು ಕಲಿತದ್ದು ಸುಳ್ಳಾಗಿತ್ತೇ? ಇಲ್ಲ. ಗ್ಯಾಸ್ ಹರಡುವುದು ಖರೆ. ಆದರೆ ಎಷ್ಟು ಹೊತ್ತಿಗೆ? ಅದನ್ನು ನಾನು ಕೇಳಿಕೊಳ್ಳಲೇ ಇಲ್ಲ. ಊದಿನಕಡ್ಡಿಯ ವಾಸನೆ ಬೇಗ ಮನೆ ತುಂಬುವುದು ಫ್ಯಾನು, ಕಿಟಕಿ, ನಮ್ಮ ಓಡಾಟದಿಂದ. ಹಗೇವಿನಲ್ಲಿ ಎಲ್ಲಿದೆ ಕಿಟಕಿ? ಜೋಳವೂ ಜೀವವೇ. ತಿಂಗಳುಗಟ್ಟಲೆ ಕತ್ತಲಲ್ಲಿ ಕೂತು ಒಳಗಿನ ಆಮ್ಲಜನಕ ತೀರಿಸಿ, ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ. ಅದು ಗಾಳಿಗಿಂತ ಭಾರ. ಅಲುಗಿಸದಿದ್ದರೆ ತಳದಲ್ಲೇ ಬಿದ್ದುಕೊಂಡಿರುತ್ತದೆ.

ಅಲುಗಿಸುವುದು ಹೇಗೆ? ಅತ್ತೆ ಬೇವಿನ ದೊಡ್ಡ ಟೊಂಗೆ ಕಡಿಸಿದಳು. ಹಗ್ಗ ಕಟ್ಟಿ ಒಳಗೆ ಬಿಟ್ಟು ಎತ್ತು, ಬಿಡು, ಎತ್ತು. ಮಜ್ಜಿಗೆ ಕಡೆದಂತೆ ಗಾಳಿ ಕಡೆಯುವ ಕೆಲಸ. ಶಿಕ್ಷೆಯಂತೆ ಅದನ್ನು ನನಗೇ ಕೊಟ್ಟಳು. ಹಗೇವನ್ನು ದಿನವಿಡೀ ತೆರೆದಿಟ್ಟೆವು. ಮರುದಿನ ಬೆಳಿಗ್ಗೆ ಹಣತೆ ತಳದವರೆಗೂ ಹೋಯಿತು, ಉರಿಯುತ್ತಲೇ ಬಂತು. ಆದರೂ ಕಾಶಿನಾಥನ ಸೊಂಟಕ್ಕೆ ಹಗ್ಗ, ಅದನ್ನು ಹಿಡಿಯಲು ಮೇಲೆ ಮೂವರು. ದೀಪ ಆರಿದರೆ ಇಳಿಯಲೇಬಾರದು, ಉರಿದರೂ ಹಗ್ಗ ಬಿಡಬಾರದು. ಇದು ಅತ್ತೆಯ ಕಾನೂನು.

“ಇದೆಲ್ಲ ಎಲ್ಲಿ ಕಲ್ತಿ ಅತ್ತಿ?”

“ಲಗ್ನಾಗಿ ಬಂದ ವರ್ಷ ನಮ್ಮತ್ತಿ ಹೇಳ್ಯಾಳ. ಯಾಕಂತ ನಾ ಕೇಳಿಲ್ಲ. ನೀ ಯಾಕಂತ ಹೇಳ್ತಿ, ಆದ್ರ ಹ್ಯಾಂಗಂತ ನಿನಗ ಗೊತ್ತಿಲ್ಲ.”

ಅತ್ತೆಗೆ ಥ್ಯಾಂಕ್ಸ್ ಹೇಳಿದೆ. “ಮೊದಲ ರೊಟ್ಟಿ ತಿನ್ರಿ, ಆರ್ತಾವ” ಅಂದಳು. ಆಕೆಯ ಅತ್ತೆಗೆ ಹೇಳೋಣವೆಂದರೆ ಆಕೆ ತೀರಿಹೋಗಿ ಬಹಳ ವರ್ಷವಾಯಿತು. ನಾನು ನೋಡೇ ಇಲ್ಲದ ಆ ಮುದುಕಿಯ ಮಾತಿನಿಂದ ಗಂಜಿನಲ್ಲಿ ಇವತ್ತೂ ಕಾಶಿನಾಥ ಚೀಲ ಹೊರುತ್ತಿದ್ದಾನೆ, ಮೂಗಿಗೆ ಧೂಳು ಬಂತೆಂದು ಬೈಯುತ್ತಿದ್ದಾನೆ. ಆ ಬೈಗುಳ ಕೇಳಲು ಎಷ್ಟು ಚೆಂದ ಗೊತ್ತೇ!

ನಿನ್ನೆ ಔರಾದಿನಿಂದ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವರ ಹಳೇ ಬಾವಿಯ ಹೂಳೆತ್ತಬೇಕಂತೆ. “ನೀ ಸೈನ್ಸ್ ಮನಷ್ಯಾ, ಇಳಿದ್ರ ನಡೀತದೇನು?”

“ತಡಿಯಪಾ” ಅಂದೆ, “ಅತ್ತಿಗೊಮ್ಮೆ ಕೇಳಿ ಹೇಳ್ತೇನಿ.”